ಇಪ್ಪತ್ತನಾಲ್ಕು ಚೀಟಿ

ಪ್ರತಿ ವರ್ಷ ಡಿಸೆಂಬರ್ ಹನ್ನೊಂದರ ಬೆಳಿಗ್ಗೆ ಎಂಟು ಗಂಟೆಗೆ, ನಿವಾ ಕಾರ್ಖಾನೆಯ ಅಂಗಳದಲ್ಲಿ ಒಬ್ಬ ಮನುಷ್ಯನ ಮಾನ ತೆಗೆಯುತ್ತಿದ್ದರು. ಮೊದಲ ಎರಡು ವರ್ಷ ಆ ಮನುಷ್ಯ ಸಾಲಿನಲ್ಲೇ ತಲೆ ತಗ್ಗಿಸಿ ನಿಂತಿರುತ್ತಿದ್ದ. ಆಮೇಲೆ ಸತ್ತ. ಸತ್ತ ಮೇಲಾದರೂ ಬಿಟ್ಟರೇ? ಇಲ್ಲ.

ಅದೇನೂ ಕೂಗಾಟದ ಕೆಲಸವಲ್ಲ. ರೇಡಿಯೊ ಹಚ್ಚಿ ಮಾಡುವ ಬೆಳಗಿನ ವ್ಯಾಯಾಮ ಮುಗಿದು ಎಲ್ಲರೂ ಕೈ ಇಳಿಬಿಟ್ಟು ನಿಂತ ಮೇಲೆ, ಉತ್ಪಾದನಾ ವಿಭಾಗದ ಮುಖ್ಯಸ್ಥ ಕಾಕೆಹಿ ಗೋಡೆಯ ಮೇಲಿನ ಚೌಕಟ್ಟಿನಿಂದ ಒಂದು ಹಾಳೆ ತೆಗೆದುಕೊಂಡು ಮುಂದೆ ಬರುತ್ತಿದ್ದ. ಹಾಳೆಯ ತಲೆಬರಹ ‘ಮರೆಯಬಾರದ ದಿನ’. ಅವನು ಗಂಟಲು ಸರಿಮಾಡಿಕೊಂಡು ಓದುತ್ತಿದ್ದ: ಶೋವಾ ಶಕೆ ಐವತ್ತನಾಲ್ಕು, ಡಿಸೆಂಬರ್ ಹನ್ನೊಂದು, ಮಧ್ಯಾಹ್ನ ಎರಡು ನಲವತ್ತು. ಬಾಗಿಲ ಕೀಲಿನ ಪೆಟ್ಟಿಗೆ ಒಂದು ಕಡಿಮೆಯಾಗಿ, ನಮ್ಮಿಂದ ಕೀಲು ಕೊಳ್ಳುವ ದೊಡ್ಡ ಕಂಪನಿಯ ಜೋಡಣೆ ಸಾಲು ಹದಿನೇಳು ನಿಮಿಷ ನಿಂತಿತು. ಕಾರಣ, ಬೆಸುಗೆ ವಿಭಾಗದ ಮೇಸ್ತ್ರಿ ಇಸೊಮುರಾ ಸೇಕಿಚಿಯ ತಪ್ಪು ಲೆಕ್ಕ.

‘ಕಾರಣ’ ಎಂದಾದ ಮೇಲೆ ಅವನು ಒಮ್ಮೆ ಉಸಿರು ತೆಗೆದುಕೊಳ್ಳುತ್ತಿದ್ದ. ಮೂರನೇ ಸಾಲಿನಲ್ಲಿ ನಿಂತ ಹಾತ್ಸುಮಿಗೆ ಆ ಉಸಿರಿನ ಉದ್ದ ಬಾಯಿಪಾಠವಾಗಿತ್ತು. ಸೇಕಿಚಿ ಅವಳ ಗಂಡ. ಆ ಉಸಿರು ಮುಗಿಯುವವರೆಗೆ ಅವಳು ತನ್ನ ಬೂಟಿನ ಲಾಡಿ ನೋಡುತ್ತಿದ್ದಳು. ಹೆಸರು ಬಿದ್ದ ಮೇಲೂ ಅದನ್ನೇ ನೋಡುತ್ತಿದ್ದಳು.

ಗಂಡ ಸತ್ತ ವರ್ಷ ಒಮ್ಮೆ ಅವಳು ಕಾಕೆಹಿಯ ಮೇಜಿನ ಮುಂದೆ ಹೋಗಿ ನಿಂತಿದ್ದಳು. ತಡವರಿಸದೆ ಕೇಳಿದ್ದಳು: “ಅವರ ಹೆಸರು ಓದಲೇಬೇಕು ಅಂದ್ರೆ ನಾನೇ ಓದ್ತೀನಿ. ಬೇರೆಯವರ ಬಾಯಲ್ಲಿ ಬರೋದು ಬೇಡ.”

ಕಾಕೆಹಿ ಕನ್ನಡಕ ತೆಗೆದು ಒರೆಸಿಕೊಂಡ. “ಮನೆಯವರು ಓದೋ ಹಾಗಿಲ್ಲಮ್ಮ,” ಅಂದ. “ನಿಯಮ.”

ಅಂಥ ನಿಯಮ ಎಲ್ಲೂ ಬರೆದಿರಲಿಲ್ಲ. ಅಲ್ಲೇ, ಕನ್ನಡಕ ಒರೆಸುವಷ್ಟು ಹೊತ್ತಿನಲ್ಲಿ, ಅವನು ಅದನ್ನು ಹುಟ್ಟಿಸಿದ್ದ. ಹಾತ್ಸುಮಿ ಬಾಗಿ ನಮಸ್ಕರಿಸಿ ಹೊರಗೆ ಬಂದಳು. ಆ ದಿನ ಅವಳ ಮನಸ್ಸಿನಲ್ಲಿ ಹಗೆ ಬೇರುಬಿಟ್ಟಿತು ಅಂತ ನಾನು ಹೇಳಿದರೆ ಅದು ಕಡಿಮೆಯೇ. ಬೇರು ಅದಕ್ಕೂ ಮುಂಚೆ ಇತ್ತು. ಆ ದಿನ ಅವಳು ಅದಕ್ಕೆ ನೀರು ಹಾಕುವುದನ್ನು ಕಲಿತಳು.

ಆಗಿದ್ದೇನು ಅಂತ ಹೇಳಿಬಿಡುತ್ತೇನೆ. ಕಾರ್ಖಾನೆ ನಡೆಸುವುದರಲ್ಲಿ ಎರಡು ದಾರಿ ಇವೆ. ಒಂದು ತಳ್ಳುವುದು. ಮೇಲಿನ ಕೋಣೆಯಲ್ಲಿ ಕುಳಿತವನು ತಿಂಗಳ ಲೆಕ್ಕ ಹಾಕಿ, ನೀನಿಷ್ಟು ಮಾಡು, ನೀನಿಷ್ಟು ಮಾಡು ಅಂತ ಎಲ್ಲರಿಗೂ ಹೇಳುತ್ತಾನೆ. ಮುಂದಿನವನಿಗೆ ಬೇಕೋ ಬೇಡವೋ, ಮಾಡಿದ್ದನ್ನು ಅವನ ತಲೆಯ ಮೇಲೆ ಹೇರುತ್ತಾರೆ. ಇನ್ನೊಂದು ಎಳೆಯುವುದು. ಅಲ್ಲಿ ಪ್ರತಿ ಪೆಟ್ಟಿಗೆಗೂ ಒಂದು ಚೀಟಿ ಸಿಕ್ಕಿಸಿರುತ್ತದೆ, ಕಾನ್‌ಬಾನ್ ಅನ್ನುತ್ತಾರೆ. ಮುಂದಿನವನು ಪೆಟ್ಟಿಗೆ ತೆಗೆದುಕೊಂಡಾಗ ಚೀಟಿ ಬಿಚ್ಚಿ ಡಬ್ಬಿಗೆ ಹಾಕುತ್ತಾನೆ, ಒಬ್ಬ ಬಂದು ಅದನ್ನು ಹಿಂದಿನವನಿಗೆ ಒಯ್ಯುತ್ತಾನೆ. ಚೀಟಿ ಬಂದರೆ ಮಾಡು. ಬರದಿದ್ದರೆ ಕೈಕಟ್ಟಿ ನಿಲ್ಲು. ಅಷ್ಟೇ.

ಆ ವರ್ಷ ಹಳೆಯ ಯಜಮಾನರು ಎಳೆಯುವ ದಾರಿಯನ್ನು ಪರೀಕ್ಷೆ ಮಾಡಿ ನೋಡಲು ಸೇಕಿಚಿಗೆ ಒಪ್ಪಿಸಿದ್ದರು. ಎಷ್ಟು ಚೀಟಿ ಸಾಕು ಅಂತ ಲೆಕ್ಕ ಹಾಕಿದವನು ಅವನೇ. ಇಪ್ಪತ್ತನಾಲ್ಕು. ಮೂರು ವಾರ ಎಲ್ಲ ಚೆನ್ನಾಗಿಯೇ ನಡೆಯಿತು. ಹನ್ನೊಂದನೆಯ ತಾರೀಖು ಬೆಸುಗೆ ಯಂತ್ರ ಒಂದೂಮುಕ್ಕಾಲು ಗಂಟೆ ಕೆಟ್ಟಿತು, ಲಾರಿಗೆ ಒಂದು ಪೆಟ್ಟಿಗೆ ಸಾಲದೆ ಬಂತು. ಸಂಜೆ ಕಾಕೆಹಿಯೂ ಸೇಕಿಚಿಯೂ ಚೀಟಿ ಎಣಿಸಿದರು. ಇಪ್ಪತ್ತನಾಲ್ಕೂ ಇದ್ದವು. “ಚೀಟಿ ಎಲ್ಲಾ ಇದೆ. ಹಾಗಾದ್ರೆ ತಪ್ಪಿರೋದು ನಿನ್ನ ಲೆಕ್ಕದಲ್ಲೇ,” ಅಂದ ಕಾಕೆಹಿ. ಮಾರನೆಯ ವಾರ ಸೇಕಿಚಿಯನ್ನು ಗೇಟಿನ ಹತ್ತಿರ ಹುಲ್ಲು ಕೀಳಲು, ಹಳೆಯ ಕೈಗವಸು ವಿಂಗಡಿಸಲು ಹಾಕಿದರು. ಅವನು ಎದುರು ಮಾತಾಡಲಿಲ್ಲ. ಮನೆಯಲ್ಲಿ ಕುಳಿತು ಅದೇ ಲೆಕ್ಕವನ್ನು ಜಾಹೀರಾತು ಹಾಳೆಗಳ ಹಿಂಬದಿಯಲ್ಲಿ ಮತ್ತೆ ಮತ್ತೆ ಮಾಡಿದ. ಆಸ್ಪತ್ರೆಯಲ್ಲಿ, ಹೊಟ್ಟೆಯ ಕಾಯಿಲೆಯಿಂದ ಬಡಕಲಾಗಿ ಮಲಗಿದ್ದಾಗ, ಕೊನೆಯ ವಾರ ಹೇಳಿದ: “ಇಪ್ಪತ್ತೈದು ಇಡಬೇಕಿತ್ತು ಕಣೆ.”

ಹಾತ್ಸುಮಿಯ ಕರುಳು ಕಿತ್ತುಬಂದದ್ದು ಈ ಮಾತಿಗೆ. ಊರು ಏನಾದರೂ ಅಂದುಕೊಳ್ಳಲಿ, ಅವನೇ ತನ್ನನ್ನು ನಂಬದೆ ಹೋದನಲ್ಲ.

ಅವನು ಬಿಟ್ಟುಹೋದದ್ದು ಎರಡು ವಸ್ತು: ಒಂದು ಗೋ ಆಟದ ಹಲಗೆ, ಕಪ್ಪು ಬಿಳಿ ಹರಳುಗಳ ಸಮೇತ, ಇನ್ನೊಂದು, ಎಣ್ಣೆ ಕೈಯಲ್ಲಿ ಬರೆದ ನೋಟು ಪುಸ್ತಕ. ಆ ದಿನ ಯಾವ ಯಂತ್ರ ಎಷ್ಟು ಗಂಟೆಗೆ ನಿಂತಿತು, ಲಾರಿ ಎಷ್ಟಕ್ಕೆ ಬಂತು, ಎಷ್ಟು ಪೆಟ್ಟಿಗೆ ಒಯ್ದಿತು, ಎಲ್ಲವೂ ನಿಮಿಷ ನಿಮಿಷವಾಗಿ ಅದರಲ್ಲಿತ್ತು. ಅವನು ಸತ್ತ ಮರುವರ್ಷದ ಚಳಿಗಾಲ ಅವಳು ಹರಳನ್ನು ಪೆಟ್ಟಿಗೆಯೆಂದೂ, ಮಿಸೊ ಸಾರಿನ ಬಟ್ಟಲುಗಳನ್ನು ಯಂತ್ರಗಳೆಂದೂ ಇಟ್ಟುಕೊಂಡು, ರಟ್ಟು ಕತ್ತರಿಸಿ ಚೀಟಿ ಮಾಡಿ, ಆ ದಿನವನ್ನು ಮೊದಲಿನಿಂದ ಆಡಿದಳು. ಹತ್ತು ಹತ್ತು ನಿಮಿಷಕ್ಕೆ ಒಂದು ಸುತ್ತು. ಎರಡು ನಲವತ್ತಕ್ಕೆ ಲಾರಿ ಆರು ಪೆಟ್ಟಿಗೆ ಒಯ್ದ ಮೇಲೂ, ತಯಾರಾದ ಮಾಲಿಡುವ ಕಪಾಟಿನಲ್ಲಿ ನಾಲ್ಕು ಹರಳು ಉಳಿದವು. ತಾನು ಎಡವಿದೆ ಅಂದುಕೊಂಡು ಮತ್ತೆ ಆಡಿದಳು. ನಾಲ್ಕು. ಒಂದು ಭಾನುವಾರ ಪೂರ್ತಿ ಆಡಿದಳು. ನಾಲ್ಕೇ.

ಗಂಡನ ಲೆಕ್ಕ ಸರಿಯಾಗಿತ್ತು. ನಾಲ್ಕು ಪೆಟ್ಟಿಗೆಯ ಮಟ್ಟಿಗೆ ಬೇಕಾದ್ದಕ್ಕಿಂತ ಹೆಚ್ಚೇ ಸರಿಯಾಗಿತ್ತು.

ಮುಂದಿನ ಭಾನುವಾರ ಅವಳು ಒಂದೊಂದೇ ಚೀಟಿ ಕಳೆದು ಆಡಿದಳು. ಆ ದಿನ ಆದದ್ದು ಹಾಗೆ ಹಾಗೇ ಆಗಬೇಕಾದರೆ, ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ಐದು ಚೀಟಿ ಎಲ್ಲೋ ಮಾಯವಾಗಿರಬೇಕು. ಸಂಜೆ ಎಣಿಸುವ ಹೊತ್ತಿಗೆ ಐದೂ ತಿರುಗಿ ಬಂದಿರಬೇಕು. ಆ ದಿನ ಚೀಟಿ ಒಯ್ಯುವವನಿಗೆ ಜ್ವರ. ಅವನ ಬದಲು ಸುತ್ತು ಹೊಡೆದವನು ಕಾಕೆಹಿ.

ಬೇರೆಯವಳಾಗಿದ್ದರೆ ಮಾರನೆಯ ದಿನವೇ ಹೋಗಿ ಕೊರಳಪಟ್ಟಿ ಹಿಡಿಯುತ್ತಿದ್ದಳು. ಹಾತ್ಸುಮಿ ಹಲ್ಲು ಕಚ್ಚಿ ಕುಳಿತಳು. ಹರಳು ಬಟ್ಟಲು ತೋರಿಸಿ ವಿಧವೆಯೊಬ್ಬಳು ಏನು ಹೇಳಿದರೆ ಯಾರು ಕೇಳುತ್ತಾರೆ? ಪಾಪ, ತಲೆ ಕೆಟ್ಟಿದೆ ಅಂತ ಕೈಗೆ ಟೀ ಕೊಟ್ಟು ಕಳಿಸುತ್ತಾರೆ. ಅವನೇ ಬಂದು ಕೂರಬೇಕು, ಅವನ ಕೈಯೇ ಆಡಬೇಕು, ಎಲ್ಲರೂ ನೋಡಬೇಕು. ಅದಕ್ಕಾಗಿ ಅವಳು ಏಳು ವರ್ಷ ಕಾದಳು. ಈ ನಡುವೆ ತಪಾಸಣೆ ವಿಭಾಗದ ಹಿರಿಯಳಾದಳು, ಹೊಸಬರಿಗೆ ಕಲಿಸುವ ಕೆಲಸವೂ ಅವಳಿಗೇ ಬಂತು. ಊಟದ ಕೋಣೆಯಲ್ಲಿ ಹರಳು ಬಟ್ಟಲು ಹರಡಿ ತಳ್ಳುವುದು ಎಳೆಯುವುದು ಆಡಿಸುತ್ತಿದ್ದಳು, ಹೊಸಬರು ನಗುನಗುತ್ತಾ ಕಲಿಯುತ್ತಿದ್ದರು. ಎಲ್ಲರೂ ಅದನ್ನು ಹಾತ್ಸುಮಿಯ ಅಡುಗೆ ಆಟ ಅನ್ನುತ್ತಿದ್ದರು. ಅನ್ನಲಿ ಅಂತ ಬಿಟ್ಟಿದ್ದಳು.

ಅವಳ ಪಕ್ಕದ ಕುರ್ಚಿಯಲ್ಲಿ ಆರು ವರ್ಷದಿಂದ ಕುಳಿತು ಕೀಲು ತಪಾಸಿಸುತ್ತಿದ್ದವಳು ಮಿತ್ಸುಯೊ. ಕಾಕೆಹಿಯ ಮಗಳು. ಗಂಡನ ಮನೆ ಬಿಟ್ಟು ಬಂದು ಅಪ್ಪನ ಮನೆಯಲ್ಲಿದ್ದ, ಮೂವತ್ತು ದಾಟಿದ ಹೆಣ್ಣು. ಕಣ್ಣು ಚುರುಕು, ಬಾಯಿ ಅದಕ್ಕಿಂತ ಚುರುಕು. ಮಧ್ಯಾಹ್ನ ಊಟದ ಡಬ್ಬಿ ಬಿಚ್ಚಿದಾಗ ಹಾತ್ಸುಮಿ ತನ್ನ ಮುಚ್ಚಳವನ್ನು ಖಾಲಿಯಾಗಿ ಪಕ್ಕಕ್ಕೆ ಸರಿಸುವಳು, ಮಿತ್ಸುಯೊ ಅದಕ್ಕೆ ಮನೆಯಲ್ಲಿ ಹಾಕಿದ ಮೂಲಂಗಿ ಉಪ್ಪಿನಕಾಯಿ ನಾಲ್ಕು ಹೋಳು ಇಡುವಳು. ಆರು ವರ್ಷದಲ್ಲಿ ಇದು ತಪ್ಪಿದ್ದಿಲ್ಲ. ಹಾತ್ಸುಮಿಗೆ ಅವಳನ್ನು ಕಂಡರೆ ಇಷ್ಟ. ಇಷ್ಟವೇ, ಅದರಲ್ಲಿ ನಾಟಕವಿರಲಿಲ್ಲ. ಆದರೂ ಆ ಹೋಳು ಕಚ್ಚುವಾಗಲೆಲ್ಲ, ಇದರ ಮೂಲಂಗಿ ಕಾಕೆಹಿಯ ಹಿತ್ತಲಿನದು ಅನ್ನುವುದು ಅವಳ ನಾಲಿಗೆಗೆ ತಿಳಿಯುತ್ತಿತ್ತು.

ಹನ್ನೊಂದನೆಯ ವರ್ಷದ ನವೆಂಬರಿನಲ್ಲಿ ಬಾಗಿಲು ತಾನಾಗಿ ತೆರೆಯಿತು. ಹಳೆಯ ಯಜಮಾನರ ಮಗ ಈಗ ಯಜಮಾನ. ಕಾರ್ಖಾನೆಯಲ್ಲಿ ಕಾಲಿಡಲು ಜಾಗವಿಲ್ಲದಂತೆ ಪೆಟ್ಟಿಗೆಗಳು ತುಂಬಿದ್ದವು. ಹನ್ನೊಂದು ವರ್ಷ ತಳ್ಳಿದ್ದರ ಫಲ. ವರ್ಷದ ಕೊನೆಗೆ ನಿವೃತ್ತನಾಗಲಿದ್ದ ಕಾಕೆಹಿ, ಹೋಗುವ ಮುಂಚೆ ಒಂದು ಗಣಕಯಂತ್ರ ತರಿಸಿ, ಅದರ ಕೈಯಲ್ಲೇ ಇನ್ನೂ ಚೊಕ್ಕಟವಾಗಿ ತಳ್ಳಿಸಬೇಕು ಅಂತ ಹಟ ಹಿಡಿದಿದ್ದ. ಯಜಮಾನನಿಗೆ ಅನುಮಾನ. ಅವನು ಹಾತ್ಸುಮಿಯನ್ನು ಕರೆದ.

“ಹಾತ್ಸುಮಿಯವರೇ, ನಿಮ್ಮ ಅಡುಗೆ ಆಟ ಇದೆಯಲ್ಲ, ಅದನ್ನ ದೊಡ್ಡೋರಿಗೆ ಆಡಿಸಿ. ತಳ್ಳೋದು ಎಳೆಯೋದು ಎರಡೂ. ನೋಡಿ ತೀರ್ಮಾನ ಮಾಡೋಣ.”

“ಆಯ್ತು ಯಜಮಾನ್ರೇ,” ಅಂದಳು. “ಕಾಕೆಹಿಯವರೂ ಆಡ್ಲಿ. ಅವರಿಗಿಂತ ತಿಳಿದೋರು ಯಾರಿದ್ದಾರೆ?”

ಶನಿವಾರ ಮಧ್ಯಾಹ್ನ, ಊಟದ ಕೋಣೆ. ಹೊರಗೆ ಇಬುಕಿ ಬೆಟ್ಟದ ಗಾಳಿ ಕಿಟಕಿ ಅಲುಗಿಸುತ್ತಿತ್ತು. ಮೂರು ಮೇಜು ಜೋಡಿಸಿ ಹಾತ್ಸುಮಿ ಬಟ್ಟಲು ಇಟ್ಟಳು. ಬೆಸುಗೆಗೆ ಒಬ್ಬ, ಬಣ್ಣಕ್ಕೆ ಒಬ್ಬ, ಕಪಾಟಿಗೆ ಒಬ್ಬ ಮೇಸ್ತ್ರಿ ಕುಳಿತ. ಲಾರಿಯ ಪಾತ್ರ ಮಿತ್ಸುಯೊಗೆ. ಗಂಟೆಗೊಮ್ಮೆ ಬಂದು ಆರು ಹರಳು ಕೇಳುವುದು ಅವಳ ಕೆಲಸ. ಸುತ್ತಲೂ ಮೂವತ್ತು ಮಂದಿ ಕೈಯಲ್ಲಿ ಟೀ ಲೋಟ ಹಿಡಿದು ನಿಂತಿದ್ದರು.

ಮೊದಲು ತಳ್ಳುವ ಆಟ. ಯಂತ್ರ ಕೆಡುವುದು ದಾಳದ ಮೇಲೆ. ಕಾಕೆಹಿ ಕುರ್ಚಿಯಲ್ಲಿ ನೆಟ್ಟಗೆ ಕುಳಿತು ತಿಂಗಳ ಲೆಕ್ಕ ಹೇಳಿದ. ಅರ್ಧ ದಿನ ಆಡುವ ಹೊತ್ತಿಗೆ ಬಣ್ಣದವನ ಮುಂದೆ ಹರಳಿನ ಗುಡ್ಡೆ ಬಿತ್ತು, ಒಂದಷ್ಟು ನೆಲಕ್ಕೂ ಉರುಳಿದವು.

“ಇದೇನ್ರಿ, ನನ್ನನ್ನ ಜೀವಂತ ಹೂಳ್ತಿದ್ದೀರಾ?” ಅಂದ ಬಣ್ಣದ ಮೇಸ್ತ್ರಿ. ಎಲ್ಲರೂ ನಕ್ಕರು. ಎಣಿಸಿದರೆ ನಡುದಾರಿಯಲ್ಲಿ ಅರವತ್ತೊಂದು ಹರಳು.

ಆಮೇಲೆ ಎಳೆಯುವ ಆಟ. ಇಪ್ಪತ್ತನಾಲ್ಕು ಚೀಟಿ. ಗುಡ್ಡೆ ಬೀಳಲಿಲ್ಲ, ಲಾರಿ ಬರಿಗೈಯಲ್ಲಿ ಹೋಗಲಿಲ್ಲ. ಯಜಮಾನ ಕುತ್ತಿಗೆ ಚಾಚಿ ನೋಡಿದ.

ಕಾಕೆಹಿಗೆ ಮೈ ಉರಿಯಿತು. “ಆಟದಲ್ಲಿ ಎಳೆಯೋದೇ ಗೆಲ್ಲುತ್ತೆ, ಬಿಡಿ,” ಅಂದ. “ದಾಳಕ್ಕೇನು, ಹಾಕ್ದಂಗೆ ಬೀಳುತ್ತೆ. ನಿಜವಾದ ಯಂತ್ರ ಕೆಟ್ಟಾಗ ಏನಾಯ್ತು ಅಂತ ಗೋಡೆ ಮೇಲೇ ತೂಗು ಹಾಕಿದೀವಲ್ಲ. ಇದೇ ಇಪ್ಪತ್ತನಾಲ್ಕು ಚೀಟಿ. ಇಲ್ಲಿರೋ ಎಲ್ಲರಿಗೂ ಗೊತ್ತು.”

ಗಂಡನ ಹೆಸರನ್ನು ಅವನು ಹೇಳಲಿಲ್ಲ. ಹೇಳದೆ ಹೇಳುವುದರಲ್ಲಿ ಅವನು ಪಳಗಿದ್ದ. ಹಾತ್ಸುಮಿ ಏಳು ವರ್ಷ ಕಾದದ್ದು ಈ ಮಾತಿಗೇ. 

“ನೀವು ಹೇಳೋದು ಸರಿ,” ಅಂದಳು. “ದಾಳ ಬೇಡ. ನೀವಂದ ದಿನಾನೇ ಆಡೋಣ.” ಏಪ್ರನ್ನಿನ ಜೇಬಿನಿಂದ ಎಣ್ಣೆಕಲೆಯ ನೋಟು ಪುಸ್ತಕ ತೆಗೆದು ಯಜಮಾನನ ಮುಂದಿಟ್ಟಳು. “ಆ ದಿನದ ಪ್ರತಿ ನಿಮಿಷಾನೂ ಇದರಲ್ಲಿದೆ. ನೀವೇ ಓದಿ ಯಜಮಾನ್ರೇ, ನಾವು ಓದ್ದಂಗೆ ಆಡ್ತೀವಿ. ಕಾಕೆಹಿಯವರೇ, ನೀವು ಚೀಟಿ ಒಯ್ಯೋರಾಗಿ. ಆ ದಿನ ನೀವೇ ಅಲ್ವಾ ಸುತ್ತು ಹೊಡೆದಿದ್ದು?”

“ಅಷ್ಟು ಹಳೇದು ಯಾರಿಗೆ ನೆನಪಿರುತ್ತೆ?”

“ಪುಸ್ತಕಕ್ಕೆ ನೆನಪಿದೆ,” ಅಂದಳು ಹಾತ್ಸುಮಿ.

ಇಷ್ಟು ಜನರ ಮುಂದೆ ಏಳುವಂತಿಲ್ಲ. ಅವನು ಕೂತ.

ಅವಳು ಚಮಚದಿಂದ ಬಟ್ಟಲಿಗೆ ಒಮ್ಮೆ ಬಡಿದಳು. ಎಂಟು ಗಂಟೆ. ಯಜಮಾನ ಓದಿದ, ಮೇಸ್ತ್ರಿಗಳು ಹರಳು ಸರಿಸಿದರು, ಕಾಕೆಹಿ ಚೀಟಿ ಒಯ್ದ. ಹನ್ನೆರಡೂ ಐವತ್ತಕ್ಕೆ ಬೆಸುಗೆ ಯಂತ್ರ ಕೆಟ್ಟಿತು. ಒಂದು ನಲವತ್ತು, ಮಿತ್ಸುಯೊ ಆರು ಹರಳು ಒಯ್ದಳು, ಕಪಾಟಿನಲ್ಲಿ ಹತ್ತು ಉಳಿಯಿತು. ಎರಡು ನಲವತ್ತು, ಮತ್ತೆ ಆರು.

“ಇನ್ನೂ ನಾಲ್ಕು ಇದೆ,” ಅಂದಳು ಮಿತ್ಸುಯೊ. “ಲಾರಿ ತುಂಬಿತು.”

ಯಾರೂ ಟೀ ಕುಡಿಯಲಿಲ್ಲ. ಯಜಮಾನ ಪುಸ್ತಕದ ಪುಟವನ್ನೂ ಕಪಾಟಿನ ಬಟ್ಟಲನ್ನೂ ಬದಲಿಸಿ ಬದಲಿಸಿ ನೋಡಿದ. “ಸಾಲು ನಿಲ್ಲಲಿಲ್ವಲ್ಲ,” ಅಂದ. “ಆ ದಿನ ನಿಂತಿತ್ತು.”

“ಮತ್ತೆ ಆಡೋಣ,” ಅಂದಳು ಹಾತ್ಸುಮಿ. “ಈ ಸಲ ಒಂದು ಚೀಟಿ ಕಳೆದುಹೋಗಿದೆ ಅಂತ ಇಟ್ಕೊಳ್ಳೋಣ. ಕಾಕೆಹಿಯವರೇ, ಹತ್ತು ಗಂಟೆ ಸುತ್ತಿನಲ್ಲಿ ಒಂದು ತೆಗೆದುಬಿಡಿ.”

“ತೆಗೆದು ಎಲ್ಲಿಡ್ಲಿ?”

“ಎಲ್ಲಾದ್ರೂ ಇಡಿ. ಜೇಬಿದೆಯಲ್ಲ.”

ಅವನು ಅವಳ ಮುಖ ನೋಡಿದ. ಅವಳೂ ನೋಡಿದಳು. ಆ ಕ್ಷಣ ಅವನಿಗೆ ತಿಳಿಯಿತು. ಅವನಿಗೆ ತಿಳಿಯಿತೆಂದು ಅವಳಿಗೂ ತಿಳಿಯಿತು. ಸುತ್ತ ನಿಂತ ಮೂವತ್ತು ಮಂದಿಗೆ ಇನ್ನೂ ಏನೂ ತಿಳಿದಿರಲಿಲ್ಲ. ಅವನು ಎದೆಯ ಜೇಬಿಗೆ ರಟ್ಟಿನ ಚೀಟಿಯೊಂದನ್ನು ಇಳಿಸಿದ.

ಒಂದು ಚೀಟಿ ಕಡಿಮೆ, ಉಳಿದದ್ದು ಮೂರು ಹರಳು. ಎರಡು ಕಡಿಮೆ, ಎರಡು ಹರಳು. “ಅರ್ಥ ಆಯ್ತು, ಮುಂದಕ್ಕೆ ಹಾರಿಸಿ,” ಅಂದ ಯಜಮಾನ. “ಇಲ್ಲ ಯಜಮಾನ್ರೇ, ಒಂದೊಂದೇ,” ಅಂದಳು ಅವಳು. ಹತ್ತು ವರ್ಷ ತಾನು ನುಂಗಿದ್ದನ್ನು ಅವನು ಗುಟುಕು ಗುಟುಕಾಗಿಯೇ ನುಂಗಬೇಕು, ಹಾರಿಸಲು ಬಿಟ್ಟಾಳೆಯೇ? ಮೂರು ಕಡಿಮೆ, ಒಂದು ಹರಳು. ನಾಲ್ಕು ಕಡಿಮೆ, ಕಪಾಟು ಖಾಲಿ, ಆದರೆ ಲಾರಿ ತುಂಬಿತ್ತು. ಪ್ರತಿ ಸಲವೂ ಕಾಕೆಹಿಯ ಕೈ ಜೇಬಿಗೆ ಹೋಗಿ ಬರುತ್ತಿತ್ತು. ನಾಲ್ಕನೆಯ ಸಲ ಚೀಟಿ ಜೇಬು ತಪ್ಪಿ ಕೆಳಗೆ ಬಿತ್ತು. ಬಾಗಿ ಎತ್ತಿಕೊಟ್ಟವಳು ಮಗಳೇ.

“ಅಪ್ಪಾ, ಕೈ ಯಾಕೆ ಇಷ್ಟು ತಣ್ಣಗಿದೆ?” ಅಂದಳು. ಅವನು ಚೀಟಿಯನ್ನು ಜೇಬಿಗೆ ತುರುಕಿದ.

ಐದು ಚೀಟಿ ಜೇಬಿನಲ್ಲಿ. ಎರಡು ನಲವತ್ತು. ಮಿತ್ಸುಯೊ ಕಪಾಟಿನ ಬಟ್ಟಲಿಗೆ ಕೈ ಹಾಕಿ ಎಣಿಸಿದಳು. “ಒಂದು, ಎರಡು, ಮೂರು, ನಾಲ್ಕು, ಐದು.” ಮತ್ತೆ ಬಟ್ಟಲಿನೊಳಗೆ ಬೆರಳಾಡಿಸಿದಳು. “ಒಂದು ಪೆಟ್ಟಿಗೆ ಕಡಿಮೆ,” ಅಂದಳು. ಹೇಳಿದ ಮೇಲೆ ತಾನು ಹೇಳಿದ್ದೇನೆಂದು ಅವಳಿಗೆ ಕೇಳಿಸಿತು. ಹತ್ತು ಡಿಸೆಂಬರುಗಳಲ್ಲಿ ಅಪ್ಪ ಓದಿದ್ದ ಸಾಲು ಅದೇ.

ಹಾತ್ಸುಮಿ ಚಮಚ ಕೆಳಗಿಟ್ಟಳು. “ಇನ್ನು ಸಂಜೆ,” ಅಂದಳು. “ಆ ದಿನ ಸಂಜೆ ಚೀಟಿ ಎಣಿಸಿದ್ರಿ. ಈಗಲೂ ಎಣಿಸಿ ಕಾಕೆಹಿಯವರೇ. ಇಪ್ಪತ್ತನಾಲ್ಕು ಬರಬೇಕು.”

ಇಪ್ಪತ್ತನಾಲ್ಕು ಬರಬೇಕಾದರೆ ಜೇಬಿನ ಐದು ಹೊರಗೆ ಬರಬೇಕು. ಬೇರೆ ದಾರಿ ಇರಲಿಲ್ಲ. ಅವನ ಕೈ ಜೇಬಿನ ತನಕ ಹೋಗಿ ಅಲ್ಲೇ ನಿಂತಿತು. ಕೋಣೆಯಲ್ಲಿದ್ದ ಎಲ್ಲರೂ ಆ ಕೈಯನ್ನೇ ನೋಡುತ್ತಿದ್ದರು, ಈಗ ಎಲ್ಲರಿಗೂ ತಿಳಿದಿತ್ತು.

“ಟೆಲಿಫೋನ್ ಬಂತು,” ಅಂದ ಕಾಕೆಹಿ. ಧ್ವನಿ ಅವನದಲ್ಲವೆಂಬಂತೆ ಸಣ್ಣಗಿತ್ತು. “ಹತ್ತು ಗಂಟೆ ಸುತ್ತಿನಲ್ಲಿದ್ದೆ. ದೊಡ್ಡ ಕಂಪನಿಯವರ ಫೋನು, ಓಡಿ ಬನ್ನಿ ಅಂದ್ರು. ಕೈಯಲ್ಲಿದ್ದ ಚೀಟಿ ಜೇಬಿಗೆ ಹಾಕ್ಕೊಂಡು ಓಡ್ದೆ. ಆಮೇಲೆ… ಮರೆತೇಬಿಟ್ಟೆ. ಮೂರು ಗಂಟೆಗೆ ಸಿಗರೇಟು ತೆಗೆಯೋಕೆ ಹೋದಾಗ ಕೈಗೆ ಸಿಕ್ತು. ಅಷ್ಟೊತ್ತಿಗೆ ಲಾರಿ ಹೋಗಿತ್ತು.”

“ಆಮೇಲೆ?” ಅಂದಳು ಹಾತ್ಸುಮಿ.

“ಡಬ್ಬಿಗೆ ಹಾಕಿದೆ. ಹೇಳೋಣ ಅಂತಲೇ ಇದ್ದೆ.”

“ಯಾವಾಗ?”

ಅವನು ಕನ್ನಡಕ ತೆಗೆದು ಒರೆಸತೊಡಗಿದ. ಹಾತ್ಸುಮಿಗೆ ಮೊದಲು ಆದದ್ದು ನಿರಾಸೆ. ಏಳು ವರ್ಷ ಅವಳು ಒಬ್ಬ ಖೂಳನನ್ನು ಮನಸ್ಸಿನಲ್ಲಿ ಸಾಕಿಕೊಂಡಿದ್ದಳು. ಎಳೆಯುವ ಪದ್ಧತಿ ನೆಲ ಕಚ್ಚಲಿ ಅಂತ ಬೇಕೆಂದೇ ಚೀಟಿ ಕದ್ದವನು, ಹಲ್ಲು ಕಿರಿಯುವವನು. ಸಿಕ್ಕಿದ್ದು ಒಬ್ಬ ಮರೆಗುಳಿ ಮುದುಕ. ಅಂಗಿ ಜೇಬಿನಲ್ಲಿ ಚೀಟಿ ಮರೆಯದ ಮನುಷ್ಯ ಈ ಕಾರ್ಖಾನೆಯಲ್ಲಿ ಯಾರಿದ್ದಾರೆ? ಅವಳೇ ಒಮ್ಮೆ ಬಟ್ಟೆ ಒಗೆಯುವಾಗ ಗಂಡನ ಜೇಬಿನಿಂದ ಒಂದು ತೆಗೆದಿದ್ದಳು. ಮಾರನೆಯ ಬೆಳಿಗ್ಗೆ ಸೇಕಿಚಿ ಅದನ್ನು ಒಯ್ದು, ಎಲ್ಲರೆದುರು ಬಾಗಿ, ತಪ್ಪಾಯಿತು ಅಂದಿದ್ದ. ಅರ್ಧ ನಿಮಿಷದ ಕೆಲಸ. ಅದು ನೆನಪಾದ ಕೂಡಲೆ ನಿರಾಸೆ ಹೋಯಿತು, ಸಿಟ್ಟು ಇಮ್ಮಡಿಯಾಗಿ ಬಂತು.

“ಮರೆತಿದ್ದಕ್ಕೆ ನಾನೇನೂ ಅನ್ನಲ್ಲ,” ಅಂದಳು. “ಎಣಿಸಿದ್ರಲ್ಲ, ಅವರ ಪಕ್ಕದಲ್ಲೇ ನಿಂತ್ಕೊಂಡು. ಇಪ್ಪತ್ತೊಂದು, ಇಪ್ಪತ್ತೆರಡು, ಇಪ್ಪತ್ಮೂರು, ಇಪ್ಪತ್ನಾಲ್ಕು ಅಂತ. ಲೆಕ್ಕ ನಿಂದೇ ತಪ್ಪು ಅಂದ್ರಲ್ಲ. ಅವರು ಅದನ್ನ ನಂಬಿ ಸತ್ರು. ಇಪ್ಪತ್ತೈದು ಇಡಬೇಕಿತ್ತು ಅಂತ ಸತ್ರು. ಅದಕ್ಕೆ ಏನಿದೆ ನಿಮ್ಮ ಜೇಬಲ್ಲಿ?”

ಕಾಕೆಹಿ ಕುರ್ಚಿಯಿಂದ ಇಳಿದು, ನೆಲದ ಮೇಲೆ ಮಂಡಿಯೂರಿ, ಹಣೆ ತಾಗುವವರೆಗೆ ಬಾಗಿದ. ಜೇಬಿನ ಐದು ಚೀಟಿ ನೆಲಕ್ಕೆ ಜಾರಿದವು. ಮಿತ್ಸುಯೊ ಕೈಯಲ್ಲಿ ಐದು ಹರಳು ಹಿಡಿದು ನಿಂತೇ ಇದ್ದಳು.

ಯಜಮಾನ ಒಳ್ಳೆಯವನು, ಅಂದರೆ ಗಲಾಟೆ ಬೇಗ ಮುಗಿಯಲಿ ಅನ್ನುವವನು. “ಹಾತ್ಸುಮಿಯವರೇ, ನಮ್ಮಿಂದ ದೊಡ್ಡ ಅನ್ಯಾಯ ಆಗಿದೆ,” ಅಂದು ತಾನೂ ಬಾಗಿದ. “ಆ ಹಾಳೆ ಇವತ್ತೇ ತೆಗೆಸ್ತೀನಿ. ಓದೋದೂ ನಿಲ್ಲಿಸೋಣ. ಅಲ್ಲಿಗೆ ಮುಗೀಲಿ.”

“ಯಾಕೆ ಮುಗೀಬೇಕು?” ಅಂದಳು ಹಾತ್ಸುಮಿ. “ಮರೆಯಬಾರದ ದಿನ ಅಂತ ನೀವೇ ಅಲ್ವಾ ಹೆಸರಿಟ್ಟಿದ್ದು? ಹಳೇ ಹಾಳೆ ತೆಗೀರಿ. ಹೊಸದನ್ನ ಕಾಕೆಹಿಯವರೇ ಕುಂಚ ಹಿಡಿದು ಬರೀಲಿ. ಆದದ್ದು ಆದ ಹಾಗೆ, ಹೆಸರು ಸಮೇತ. ಪ್ರತಿ ವರ್ಷ ಓದೋಣ.”

“ಯಾರು ಓದ್ತಾರೆ?” ಅಂದ ಯಜಮಾನ.

“ನಾನು.”

ಕಾಕೆಹಿ ಅಲ್ಲೇ ಮೇಜಿನ ಮೇಲೆ ಬರೆದ. ಅಕ್ಷರ ಅವನದು ಮೊದಲಿನಿಂದಲೂ ಚಂದ. ಸೋಮವಾರದಿಂದ ಅವನು ಉಳಿದ ರಜೆಯನ್ನೆಲ್ಲ ಹಾಕಿ ಮನೆಯಲ್ಲಿ ಕುಳಿತ. ಬೀಳ್ಕೊಡುಗೆಯ ಊಟ ಬೇಡವೆಂದು ಹೇಳಿ ಕಳಿಸಿದ. ಕಾರ್ಖಾನೆಯಲ್ಲಿ ಎಳೆಯುವ ಚೀಟಿಗಳು ಮತ್ತೆ ಬಂದವು, ಬೆಸುಗೆ ವಿಭಾಗಕ್ಕೆ ಇಪ್ಪತ್ತನಾಲ್ಕು. ಆ ಅಂಕಿ ನೋಡಿದ ದಿನ ಹಾತ್ಸುಮಿ ಮನೆಗೆ ಹೋಗಿ, ಗಂಡನ ಪಟದ ಮುಂದೆ ಟೀ ಇಟ್ಟು, “ಇಪ್ಪತ್ತನಾಲ್ಕೇ ಸರಿ ಕಣ್ರೀ,” ಅಂದು ಹೇಳಿ, ಮನಸಾರೆ ಅತ್ತಳು.

ಮಿತ್ಸುಯೊ ಮಾತ್ರ ಒಂದು ದಿನವೂ ರಜೆ ಹಾಕಲಿಲ್ಲ. ಅದೇ ಕುರ್ಚಿ, ಅದೇ ಕೆಲಸ. ಮೊದಲ ವಾರ ಮಾತು ಕಡಿಮೆಯಾಯಿತು. ಆಮೇಲೆ ಒಂದು ಮಧ್ಯಾಹ್ನ, ಹಾತ್ಸುಮಿ ಅಭ್ಯಾಸಬಲದಿಂದ ಸರಿಸಿದ್ದ ಮುಚ್ಚಳಕ್ಕೆ ಮೊದಲಿನಂತೆ ನಾಲ್ಕು ಹೋಳು ಇಟ್ಟಳು. “ಈ ಸಲ ಉಪ್ಪು ಜಾಸ್ತಿ ಆಗಿದೆ ಅಕ್ಕ,” ಅಂದಳು. “ಚೆನ್ನಾಗಿದೆ,” ಅಂದಳು ಹಾತ್ಸುಮಿ. ನಿಜಕ್ಕೂ ಚೆನ್ನಾಗಿತ್ತು.

ಡಿಸೆಂಬರ್ ಹನ್ನೊಂದು ಬಂತು. ಮಂಗಳವಾರ. ಅಂಗಳದಲ್ಲಿ ಹಿಮದ ಪುಡಿ ಬಿದ್ದಿತ್ತು. ವ್ಯಾಯಾಮ ಮುಗಿಯಿತು, ಹಾತ್ಸುಮಿ ಹೊಸ ಹಾಳೆ ಹಿಡಿದು ಮುಂದೆ ಬಂದಳು. ಅಲ್ಲಿಂದ ಸಾಲುಗಳು ಹೀಗೆ ಕಾಣುತ್ತವೆಂದು ಅವಳಿಗೆ ಗೊತ್ತಿರಲಿಲ್ಲ. ಪ್ರತಿಯೊಬ್ಬರ ಮುಖವೂ ಬಿಡಿಬಿಡಿಯಾಗಿ ಕಾಣುತ್ತಿತ್ತು. ಮೂರನೇ ಸಾಲಿನಲ್ಲಿ, ಅವಳು ಹತ್ತು ವರ್ಷ ನಿಂತಿದ್ದ ಜಾಗದಲ್ಲಿ, ಮಿತ್ಸುಯೊ ನಿಂತು ಬೂಟು ನೋಡುತ್ತಿದ್ದಳು.

ಹಾತ್ಸುಮಿ ಓದಿದಳು. ಶೋವಾ ಐವತ್ತನಾಲ್ಕು. ಎರಡು ನಲವತ್ತು. ಒಂದು ಪೆಟ್ಟಿಗೆ ಕಡಿಮೆ, ಹದಿನೇಳು ನಿಮಿಷ. “ಕಾರಣ,” ಅಂದಳು. ಉಸಿರು ತೆಗೆದುಕೊಳ್ಳಬೇಕಾಯಿತು. ಆ ಉಸಿರು ಕೆಳಗೆ ನಿಂತವಳಿಗೆ ಎಷ್ಟು ಉದ್ದವಾಗಿ ಕೇಳುತ್ತದೆ ಅಂತ ಈ ಭೂಮಿಯ ಮೇಲೆ ಅವಳಿಗಿಂತ ಚೆನ್ನಾಗಿ ತಿಳಿದವರಿಲ್ಲ. ಬೇಕಾದರೆ ಹೆಸರನ್ನು ಮೆಲ್ಲಗೆ ಹೇಳಬಹುದಿತ್ತು, ಗಾಳಿಯಲ್ಲಿ ಹಾರಿಹೋಗುತ್ತಿತ್ತು. ಅವಳು ಹಾಗೆ ಮಾಡಲಿಲ್ಲ. “ಉತ್ಪಾದನಾ ಮುಖ್ಯಸ್ಥ ಕಾಕೆಹಿ ಒಸಾಮು ಐದು ಚೀಟಿಗಳನ್ನು ಜೇಬಿನಲ್ಲಿ ಮರೆತು, ತಿರುಗಿ ಇಟ್ಟು, ಅದನ್ನು ಮುಚ್ಚಿಟ್ಟದ್ದು,” ಅಂತ, ಗೇಟಿನ ಹತ್ತಿರ ಹುಲ್ಲು ಕೀಳುವವನಿಗೂ ಕೇಳುವ ಹಾಗೆ, ಒಂದೊಂದೇ ಪದ ಬಿಡಿಸಿ ಓದಿದಳು. ಸಂತೋಷವಾಯಿತು. ಆಗಲಿಲ್ಲ ಅಂದರೆ ಸುಳ್ಳು.

ಜನ ಚದುರಿದ ಮೇಲೆ ಮಿತ್ಸುಯೊ ಹತ್ತಿರ ಬಂದಳು. ಟೋಪಿ ಕೈಯಲ್ಲಿ ಹಿಡಿದಿದ್ದಳು, ಮೂಗಿನ ತುದಿ ಚಳಿಗೆ ಕೆಂಪಾಗಿತ್ತು.

“ಅಕ್ಕಾ,” ಅಂದಳು, “ಓದಬೇಡಿ ಅಂತ ಕೇಳ್ತಿಲ್ಲ. ಓದಲೇಬೇಕು. ಆದ್ರೆ ಮುಂದಿನ ವರ್ಷ ನಾನು ಓದ್ಲಾ? ಅಪ್ಪನ ಹೆಸರು ಬೇರೆಯವರ ಬಾಯಲ್ಲಿ ಬರೋದು ಬೇಡ.”

ಈ ಮಾತನ್ನು ಹಾತ್ಸುಮಿ ಯಾರಿಗೂ ಹೇಳಿದವಳಲ್ಲ. ಕಾಕೆಹಿ ಮನೆಯಲ್ಲಿ ಹೇಳಿರಲಾರ, ಅವನಿಗೆ ಅದು ನೆನಪಿರುವ ಸಂಗತಿಯೇ ಅಲ್ಲ. ಹುಡುಗಿಗೆ ತಾನಾಗಿ ಹೊಳೆದದ್ದು. ಹೂಂ ಅನ್ನಲು ಒಂದು ಕ್ಷಣ ಸಾಕಿತ್ತು. ಹೂಂ ಅನ್ನಬೇಕು ಅಂತ ಅವಳ ನಾಲಿಗೆಯ ತುದಿಗೂ ಬಂದಿತ್ತು.

“ಮನೆಯವರು ಓದೋ ಹಾಗಿಲ್ಲಮ್ಮ,” ಅಂದಳು. “ನಿಯಮ.”

 ಮಿತ್ಸುಯೊ ಬಾಗಿ ನಮಸ್ಕರಿಸಿ, ಟೋಪಿ ಹಾಕಿಕೊಂಡು ತನ್ನ ಜಾಗಕ್ಕೆ ಹೋದಳು. ಗಂಟೆ ಬಾರಿಸಿತು. ಇಬ್ಬರೂ ಅಕ್ಕಪಕ್ಕ ಕುಳಿತು ಮಧ್ಯಾಹ್ನದವರೆಗೆ ಒಂಬೈನೂರು ಕೀಲು ನೋಡಿದರು. ಒಂದೂ ತಪ್ಪಲಿಲ್ಲ.

ಊಟದ ಹೊತ್ತಿಗೆ ಹಾತ್ಸುಮಿ ಡಬ್ಬಿ ಬಿಚ್ಚಿ, ಮುಚ್ಚಳವನ್ನು ಖಾಲಿಯಾಗಿ ಪಕ್ಕಕ್ಕೆ ಸರಿಸಿದಳು. ಅನ್ನ ಮುಗಿಯುವವರೆಗೂ ಅದು ಅಲ್ಲೇ ಇತ್ತು. ಆಮೇಲೆ ಅದನ್ನು ಹಾಗೆಯೇ ಡಬ್ಬಿಗೆ ಮುಚ್ಚಿ, ಬಟ್ಟೆ ಸುತ್ತಿ ಗಂಟು ಹಾಕಿದಳು.